ಥ್ರಾಟಲ್ ಮುಟ್ಟುವ ಮೊದಲು: ತಿಗನಾರೆಯ ತಾತನ ಕಿವಿಮಾತು

ಮಗ, ಬೆಂಗಳೂರಿನ ಜಕ್ಕೂರು ಹ್ಯಾಂಗರಿನಲ್ಲಿ ಕೆಲಸ ಕಲಿಯಲು ಸೇರಿದೆಯಂತೆ. ನಿಮ್ಮಜ್ಜಿ ಹೇಳಿದಾಗ ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಸಣ್ಣ ವಿಮಾನಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲೇ ಕೂದಲು ನರೆಸಿಕೊಂಡು ನಮ್ಮೂರು ತಿಗನಾರೆಗೆ ವಾಪಸು ಬಂದವನು ನಾನು. ಈಗ ಎಲೆಕೋಸು, ಆಲೂಗಡ್ಡೆ ನೋಡಿಕೊಂಡಿದ್ದೇನೆ. ನಿನ್ನ ಪಠ್ಯದಲ್ಲಿ ಪಿಸ್ಟನ್, ಮ್ಯಾಗ್ನೆಟೋ, ಪ್ರೊಪೆಲ್ಲರ್ ಎಲ್ಲದಕ್ಕೂ ಅಧ್ಯಾಯ ಇರುತ್ತದೆ. ಥ್ರಾಟಲ್‌ಗೆ ಮಾತ್ರ ಒಂದೆರಡು ಪುಟ ಸಿಕ್ಕರೆ ಹೆಚ್ಚು. ಹಾಗಾಗಿ ಅದೊಂದರ ಬಗ್ಗೆ ನನಗೆ ಗೊತ್ತಿರುವುದನ್ನು ಬರೆದು ಕಳಿಸುತ್ತಿದ್ದೇನೆ.

• ಮೊದಲು ನೆಲದ ಬುದ್ಧಿ ಬಿಡು. ದಿಂಬಂ ಘಟ್ಟದ 27 ತಿರುವುಗಳಲ್ಲಿ ಎಲ್ಲಾದರೂ ಬೈಕಿನ ಆಕ್ಸಿಲರೇಟರ್ ಕೇಬಲ್ ಕಿತ್ತುಹೋದರೆ ಏನಾಗುತ್ತದೆ? ಸ್ಪ್ರಿಂಗ್ ಎಳೆದು ಕಾರ್ಬ್ಯುರೇಟರ್ ಮುಚ್ಚುತ್ತದೆ, ಎಂಜಿನ್ ಐಡ್ಲಿಂಗ್‌ಗೆ ಬರುತ್ತದೆ, ನೀನು ಬೈಕನ್ನು ಬದಿಗೆ ನಿಲ್ಲಿಸಿ ಮೇಲೆ ಬರುವ ಲಾರಿಗೆ ಕೈ ಒಡ್ಡುತ್ತೀಯ. ಆಕಾಶದಲ್ಲಿ ರಸ್ತೆಬದಿ ಎಲ್ಲಿದೆ? ನೆಲದ ಯಂತ್ರ ಕೆಟ್ಟಾಗ ನಿಂತರೆ ಕ್ಷೇಮ, ವಿಮಾನದ್ದು ಕೆಟ್ಟಾಗಲೂ ಓಡುತ್ತಿದ್ದರೆ ಕ್ಷೇಮ. ಅದಕ್ಕೇ ಕಾರ್ಬ್ಯುರೇಟರ್ ಇರುವ ರೋಟಾಕ್ಸ್ 912, 914 ಎಂಜಿನ್‌ಗಳಲ್ಲಿ ಸ್ಪ್ರಿಂಗ್ ಉಲ್ಟಾ ಎಳೆಯುತ್ತದೆ: ಕೇಬಲ್ ಕಿತ್ತರೆ ಥ್ರಾಟಲ್ ಪೂರ್ತಿ ತೆರೆದುಕೊಳ್ಳುತ್ತದೆ. ಬೆಂಗಳೂರಿನ ಎನ್‌ಎಎಲ್‌ನವರು ಕಟ್ಟಿದ, 1993ರಲ್ಲಿ ಮೊದಲು ಹಾರಿದ ಹಂಸ ವಿಮಾನದ ಹಂಸ–3 ಮಾದರಿಯಲ್ಲಿರುವುದು ಈ 914. ಸೆಸ್ನಾಗಳ ಲೈಕಮಿಂಗ್ ಆಗಲಿ, ಎಚ್‌ಎಎಲ್‌ನ ಹಳೆಯ ಪುಷ್ಪಕದ 90 ಅಶ್ವಶಕ್ತಿಯ ಕಾಂಟಿನೆಂಟಲ್ ಆಗಲಿ, ಎಲ್ಲವಕ್ಕೂ ಆ ಅನುಕೂಲ ಇದೆಯೆಂದು ನಂಬಬೇಡ. ಸ್ಪ್ರಿಂಗ್ ಇಲ್ಲದ ಕಡೆ ಕೊಂಡಿ ಕಳಚಿದರೆ ಕಂಪನ ಎತ್ತ ತಳ್ಳುತ್ತದೋ ಅತ್ತ ಹೋಗುತ್ತದೆ. ಯಾವ ಎಂಜಿನ್ ಮುಂದೆ ನಿಂತರೂ ಮೊದಲ ಪ್ರಶ್ನೆ ಇದಾಗಿರಲಿ: ಕೇಬಲ್ ಕಿತ್ತರೆ ಇದು ಯಾವ ಕಡೆ ಹೋಗುತ್ತದೆ?

• ಅದೇ ಉಲ್ಟಾ ಸ್ಪ್ರಿಂಗ್ ಹ್ಯಾಂಗರಿನಲ್ಲಿ ನಿನ್ನನ್ನೇ ಕೊಲ್ಲಬಲ್ಲದು. ರೋಟಾಕ್ಸ್‌ನ ಕೇಬಲ್ ಬಿಚ್ಚಿಟ್ಟು ಊಟಕ್ಕೆ ಹೋಗಿದ್ದೀಯ ಅನ್ನು. ಇನ್ನೊಬ್ಬ ಬಂದು ‘ಸ್ವಲ್ಪ ಸ್ಟಾರ್ಟ್ ಮಾಡಿ ನೋಡೋಣ’ ಅಂದರೆ ಎಂಜಿನ್ ಹೊತ್ತಿದ ಕ್ಷಣವೇ ಪೂರ್ತಿ ಶಕ್ತಿಗೆ ಏರುತ್ತದೆ. ಕೇಬಲ್ ಬಿಚ್ಚಿದ ಕೂಡಲೇ ಕಾಕ್‌ಪಿಟ್ಟಿನ ಥ್ರಾಟಲ್‌ಗೆ ಕೆಂಪು ಚೀಟಿ ಕಟ್ಟು, ಬ್ಯಾಟರಿ ಕಳಚು, ಕೀ ನಿನ್ನ ಜೇಬಲ್ಲಿರಲಿ. ಆಮೇಲೆ ಊಟ.

• ಕೇಬಲ್ ಕಾರ್ಬ್ಯುರೇಟರ್ ತೋಳಿಗೆ ಸೇರುವ ಜಾಗವನ್ನು ಟಾರ್ಚ್ ಹಿಡಿದು, ಕನ್ನಡಿ ಇಟ್ಟು ನೋಡು. ಥ್ರಾಟಲ್ ತೊಂದರೆ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಅಲ್ಲಿ ಗುಂಡು ಕೂತಿರುವ ರಾಡ್ ಎಂಡ್ ಇರುತ್ತದೆ. ಆ ಗುಂಡು ಸವೆದು ಗೂಡಿನಿಂದ ಹೊರಬಂದರೆ ಬೋಲ್ಟು, ನಟ್ಟು ಎಲ್ಲ ಸರಿಯಾಗಿದ್ದೂ ಕೇಬಲ್ ತೋಳನ್ನು ಬಿಟ್ಟು ಜೋತಾಡುತ್ತದೆ. ಇದನ್ನು ತಪ್ಪಿಸಲು ಹೊರಗಡೆ ಒಂದು ಅಗಲವಾದ ವಾಷರ್ ಹಾಕುತ್ತಾರೆ. ಗುಂಡು ಕಿತ್ತರೂ ರಾಡ್ ಎಂಡ್ ವಾಷರ್ ದಾಟಿ ಬರಲಾರದು. ಪುಡಿಗಾಸಿನ ಸಾಮಾನು, ಬಿಚ್ಚಿದವರು ಮತ್ತೆ ಹಾಕಲು ಮರೆಯುವುದೂ ಅದನ್ನೇ. ಪಾರ್ಟ್ಸ್ ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟುಕೊಂಡು ಎಷ್ಟು ವಾಷರ್, ಯಾವ ಕ್ರಮದಲ್ಲಿ ಅಂತ ಬೆರಳಿಟ್ಟು ಎಣಿಸು.

• ತಿರುಗುವ ಕೀಲಿನಲ್ಲಿ ನೈಲಾನ್ ನಟ್ಟಿನ ಮೇಲೆ ಭಾರ ಹಾಕಬೇಡ. ಬೋಲ್ಟು ಅತ್ತಿತ್ತ ಹೊರಳುವ ಕಡೆ ತೂತಿರುವ ಬೋಲ್ಟು, ಕ್ಯಾಸಲ್ ನಟ್ಟು, ಸ್ಪ್ಲಿಟ್ ಪಿನ್ನೇ ಬೇಕು. ಒಮ್ಮೆ ಬಗ್ಗಿಸಿದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವವರನ್ನು ನೋಡುತ್ತೀಯ. ಅವರು ನಿನಗಿಂತ ದೊಡ್ಡವರಾಗಿದ್ದರೂ ‘ಅಣ್ಣಾ, ಹೊಸದು ಕೊಡಲಾ?’ ಅಂತ ಕೇಳು. ಬೈದರೆ ಬೈಸಿಕೋ.

• ಪ್ಯಾನೆಲ್ಲಿನ ಥ್ರಾಟಲ್ ಗುಬುಟು ಮುಂದೆ ಹೋದ ಮಾತ್ರಕ್ಕೆ ಕಾರ್ಬ್ಯುರೇಟರ್ ತೆರೆಯಿತು ಅಂದುಕೊಳ್ಳಬೇಡ. ಒಬ್ಬರನ್ನು ಕಾಕ್‌ಪಿಟ್ಟಿನಲ್ಲಿ ಕೂರಿಸಿ, ನೀನು ಎಂಜಿನ್ ಮುಚ್ಚಳ, ಅಂದರೆ ಕೌಲಿಂಗ್ ತೆಗೆದು ಎಂಜಿನ್ ಪಕ್ಕ ನಿಲ್ಲು. ಪೂರ್ತಿ ತಳ್ಳಿದಾಗ ಕಾರ್ಬ್ಯುರೇಟರ್ ತೋಳು ತನ್ನ ತಡೆಗೆ ಮೊದಲು ತಾಕಬೇಕು. ಪ್ಯಾನೆಲ್ ಬಳಿ ಗುಬುಟಿಗೆ ಇನ್ನೂ ಚೂರು ಜಾಗ ಉಳಿದಿರಬೇಕು. ಎಳೆದಾಗಲೂ ಅಷ್ಟೇ. ಪ್ಯಾನೆಲ್ಲೇ ಮೊದಲು ತಡೆದರೆ ಪೈಲಟ್ ಪೂರ್ತಿ ತಳ್ಳಿದ್ದೇನೆ ಅಂದುಕೊಂಡಿರುತ್ತಾನೆ, ಎಂಜಿನ್‌ಗೆ ಪೂರ್ತಿ ಸಿಕ್ಕಿರುವುದಿಲ್ಲ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಅಲ್ಲಿನ ತೆಳು ಗಾಳಿಗೇ ಹೋಯಿತು. ಪಕ್ಕದಲ್ಲೇ ಬಳ್ಳಾರಿ ರಸ್ತೆಯ ಮೇಲ್ಸೇತುವೆ. ಉಳಿದ ಶಕ್ತಿಯಲ್ಲಿ ಇನ್ನಷ್ಟನ್ನು ಕೇಬಲ್ ಸೆಟ್ಟಿಂಗ್‌ನಲ್ಲಿ ಕಳೆಯುವ ಹಕ್ಕು ನಮಗಿಲ್ಲ.

• ಬಿಗಿಯಾದ ಕೇಬಲ್‌ಗೆ ಎಣ್ಣೆ ಬಿಡುವ ಕೈಚಪಲ ಬೇಡ. ಕೆಲವು ಕೇಬಲ್‌ಗಳಿಗೆ ಎಣ್ಣೆಯೇ ನಿಷಿದ್ಧ. ಒಳಗಿನ ಪದರ ಉಬ್ಬುತ್ತದೆ, ಧೂಳು ಅಂಟಿ ಇನ್ನಷ್ಟು ಬಿಗಿಯಾಗುತ್ತದೆ. ಎಲ್ಲಿ ಬಿಗಿ ಅಂತ ಮೊದಲು ಹುಡುಕು. ಸೈಲೆನ್ಸರ್ ಕೊಳವೆಗೆ ತೀರಾ ಹತ್ತಿರ ಹಾದು ಕೇಬಲ್‌ನ ಹೊದಿಕೆ ಬೆಂದಿದೆಯಾ, ಕ್ಲಾಂಪ್ ಜಾರಿ ಗೋಣು ಮುರಿದ ಹಾಗೆ ಬಾಗಿದೆಯಾ, ಫೈರ್‌ವಾಲ್ ದಾಟುವ ತೂತಿನಲ್ಲಿ ಉಜ್ಜುತ್ತಿದೆಯಾ ಅಂತ ನೋಡು. ಎಂಜಿನ್ ತನ್ನ ರಬ್ಬರ್ ಮೌಂಟ್ ಮೇಲೆ ಅಲುಗಾಡುತ್ತಲೇ ಇರುತ್ತದೆ, ಆ ಅಲುಗಾಟಕ್ಕೆ ಕೇಬಲ್‌ನಲ್ಲಿ ಸ್ವಲ್ಪ ಸಡಿಲ ಬಿಟ್ಟಿರಬೇಕು. ತಂಪಾಗಿದ್ದಾಗ ಸಲೀಸಾಗಿ ಆಡಿದ್ದು ಬಿಸಿಯಾದಾಗ ಬಿಗಿಯಾಗಬಹುದು. ಓಡಿ ಬಂದ ವಿಮಾನದ ಥ್ರಾಟಲನ್ನೂ ಆಡಿಸಿ ನೋಡು.

• ಬಿಗಿ ಬೇರೆ, ಫ್ರಿಕ್ಷನ್ ಬೇರೆ. ಗುಬುಟಿನ ಬುಡದಲ್ಲಿ ತಿರುಗಿಸುವ ಉಂಗುರ ಇದೆಯಲ್ಲ, ಅದು ಸಡಿಲವಿದ್ದರೆ ಓಡುವ ಕಂಪನಕ್ಕೆ ಥ್ರಾಟಲ್ ತಾನಾಗಿ ಹಿಂದೆ ಜಾರುತ್ತದೆ. ಟೇಕಾಫ್ ಹೊತ್ತಲ್ಲಿ ಪೈಲಟ್ ಥ್ರಾಟಲ್ ಮೇಲಿನ ಕೈ ತೆಗೆಯಬಾರದು ಅನ್ನುವುದು ಇದಕ್ಕೇ. ಸವೆದ ಉಂಗುರ ಎಷ್ಟು ತಿರುಗಿಸಿದರೂ ಹಿಡಿಯುವುದಿಲ್ಲ, ಬದಲಿಸು.

• ಸ್ಟಾರ್ಟ್ ಮಾಡುವಾಗ ಥ್ರಾಟಲ್ ಎಷ್ಟು ತೆರೆಯಬೇಕು ಅಂತ ಆ ವಿಮಾನದ ಕೈಪಿಡಿ ಹೇಳುತ್ತದೆ. ಸೆಸ್ನಾಗಳಲ್ಲಿ ಅದು ಕಾಲಿಂಚು, ಅರ್ಧ ಇಂಚಿನ ಮಾತು. ಹೊತ್ತದ ಎಂಜಿನ್‌ಗೆ ಥ್ರಾಟಲನ್ನು ಪಂಪಿನ ಹಾಗೆ ಒತ್ತಿ ಒತ್ತಿ ಆಡಿಸುವವರು ಸಿಗುತ್ತಾರೆ. ಈ ಎಂಜಿನ್‌ಗಳ ಕಾರ್ಬ್ಯುರೇಟರ್ ಕೆಳಗಿರುತ್ತದೆ, ಗಾಳಿ ಮೇಲಕ್ಕೆ ಹೋಗುತ್ತದೆ. ಎಂಜಿನ್ ತಿರುಗದೆ ಪೆಟ್ರೋಲ್ ಮಾತ್ರ ಚಿಮ್ಮಿಸಿದರೆ ಅದು ಕೆಳಗಿನ ಏರ್‌ಬಾಕ್ಸಿಗೆ ಸುರಿದು ಕೂರುತ್ತದೆ. ಒಂದು ಬ್ಯಾಕ್‌ಫೈರ್ ಸಾಕು, ಬೆಂಕಿ. ಹಾಗೆ ಹೊತ್ತಿಕೊಂಡರೆ ಗಾಬರಿಯಲ್ಲಿ ಸ್ಟಾರ್ಟರ್ ಬಿಡಬೇಡ. ಎಂಜಿನ್ ತಿರುಗುತ್ತಿದ್ದರೆ ಜ್ವಾಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಗಲೂ ಎಂಜಿನ್ ಹೊತ್ತದಿದ್ದರೆ ಥ್ರಾಟಲ್ ಪೂರ್ತಿ ತೆರೆ, ಪೆಟ್ರೋಲ್ ಹದ ಮಾಡುವ ಮಿಕ್ಸ್ಚರ್ ಗುಬುಟನ್ನು ಪೂರ್ತಿ ಎಳೆ, ಪೆಟ್ರೋಲ್ ವಾಲ್ವ್ ಮುಚ್ಚು, ತಿರುಗಿಸುತ್ತಲೇ ಇರು. ಹೊರಗೆ ಒಬ್ಬ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರದೆ ಸ್ಟಾರ್ಟಿಗೆ ಕೈ ಹಾಕಲೇಬೇಡ.

• ಕೈಯಿಂದ ಪ್ರೊಪೆಲ್ಲರ್ ತಿರುಗಿಸಿ ಸ್ಟಾರ್ಟ್ ಮಾಡುವುದು ಪುಷ್ಪಕದ ಕಾಲದಲ್ಲಿ ನಿತ್ಯದ ಕೆಲಸ. ಯಾರಾದರೂ ನಿನ್ನನ್ನು ಕರೆದರೆ, ಕಲಿಯದೆ ಕೈ ಹಾಕಬೇಡ. ಚಕ್ರಕ್ಕೆ ಚಾಕ್, ಬಾಲಕ್ಕೆ ಹಗ್ಗ, ಒಳಗೆ ಬ್ರೇಕ್ ಒತ್ತಿ ಕೂತ ಪೈಲಟ್, ಥ್ರಾಟಲ್ ಚೂರೇ ತೆರೆದಿರುವುದು ನಿನ್ನ ಕಣ್ಣಿಗೇ ಕಾಣಬೇಕು. ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೋದ ಅರ್ಥ್ ತಂತಿ ಕಿತ್ತಿದ್ದರೆ ಎಂಜಿನ್ ಹೊತ್ತಿಕೊಳ್ಳಬಹುದು. ಹ್ಯಾಂಗರಿನಲ್ಲಿ ನಿಂತಿರುವ ಪ್ರೊಪೆಲ್ಲರಿಗೆ ಒರಗಿ ಫೋನ್ ನೋಡುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

• ನೆಲದಲ್ಲೇ ಎಂಜಿನ್ ಓಡಿಸಿ ನೋಡುವ ರನ್‌ಅಪ್ ಮಾಡುವಾಗ ಥ್ರಾಟಲನ್ನು ಝಾಡಿಸಬೇಡ. ಐಡ್ಲಿಂಗ್‌ನಿಂದ ಪೂರ್ತಿಗೆ ಎರಡು ಮೂರು ಸೆಕೆಂಡ್ ತೆಗೆದುಕೋ. ಒಮ್ಮೆಲೇ ತೆರೆದರೆ ಗಾಳಿ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ, ಎಂಜಿನ್ ಕೆಮ್ಮುತ್ತದೆ. ಕ್ರಾಂಕ್‌ಶಾಫ್ಟಿನಲ್ಲಿ ಕೌಂಟರ್‌ವೇಟ್ ಇರುವ ಎಂಜಿನ್‌ಗಳಲ್ಲಂತೂ ಥಟ್ಟನೆ ತೆರೆದು ಥಟ್ಟನೆ ಮುಚ್ಚಿದರೆ ಆ ತೂಕಗಳ ಬುಷ್‌ಗಳು ಪೆಟ್ಟು ತಿನ್ನುತ್ತವೆ. ಥ್ರಾಟಲ್ ಥಟ್ಟನೆ ಮುಚ್ಚಿದಾಗ ಒಮ್ಮೆಲೇ ತಂಪಾಗಿ ಸಿಲಿಂಡರ್ ಬಿರುಕು ಬಿಡುತ್ತದೆಯೋ ಇಲ್ಲವೋ ಎಂದು ಎಂಜಿನಿಯರ್‌ಗಳು ಇನ್ನೂ ಕಿತ್ತಾಡುತ್ತಾರೆ. ಕಿತ್ತಾಡಲಿ. ಕೈ ನಿಧಾನ ಇದ್ದರೆ ಇಬ್ಬರ ಮಾತೂ ನಡೆದಂತೆ.

• ಈಗ ಮಂಜುಗಡ್ಡೆಯ ವಿಷಯ. ನಮ್ಮ ಕಡೆಯವರು ಇದನ್ನು ನಂಬುವುದೇ ಇಲ್ಲ. ಬೆಂಗಳೂರಿನ ಆಷಾಢದ ಮೋಡ, 20 ಡಿಗ್ರಿ ಸೆಲ್ಸಿಯಸ್, ಜಿನುಗು ಮಳೆ. ಹೊರಗೆ ಹಿಮದ ಸುಳಿವಿಲ್ಲ, ಆದರೆ ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಆವಿಯಾಗುವಾಗ, ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಬಿಸಿ ಇಳಿದು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಗಾಳಿಯ ತೇವ ಥ್ರಾಟಲ್ ತಟ್ಟೆಯ ಮೇಲೇ ಗಡ್ಡೆ ಕಟ್ಟುತ್ತದೆ. 21 ಡಿಗ್ರಿಗಿಂತ ಕೆಳಗೆ, ತೇವ ಶೇ. 80ಕ್ಕಿಂತ ಹೆಚ್ಚಿದ್ದಾಗ ಇದರ ಭಯ ಜಾಸ್ತಿ. 38 ಡಿಗ್ರಿಯವರೆಗೂ ಆಗಬಹುದು ಅನ್ನುತ್ತಾರೆ. ಥ್ರಾಟಲ್ ಅರೆ ಮುಚ್ಚಿ ಇಳಿಯುವಾಗ ಇನ್ನೂ ಬೇಗ. ಆರ್‌ಪಿಎಂ ಸದ್ದಿಲ್ಲದೆ ಇಳಿಯುತ್ತದೆ. ಕಲಿಯುವ ಹುಡುಗ ‘ಥ್ರಾಟಲ್ ಜಾರಿರಬೇಕು’ ಅಂದುಕೊಂಡು ಚೂರು ಮುಂದೆ ತಳ್ಳುತ್ತಾನೆ, ಮತ್ತೆ ಚೂರು ತಳ್ಳುತ್ತಾನೆ. ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಮಾಡಬೇಕಾದ್ದು ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಪೂರ್ತಿ ಎಳೆಯುವುದು. ಎಳೆದಾಗ ಎಂಜಿನ್ ಇನ್ನಷ್ಟು ಒರಟಾಗಿ ಸದ್ದು ಮಾಡುತ್ತದೆ, ಕರಗಿದ ನೀರು ನುಂಗುತ್ತಿದೆ ಅಂತ ಅರ್ಥ. ಹೆದರಿ ವಾಪಸು ತಳ್ಳಬಾರದು.

• ಈ ಮಂಜುಗಡ್ಡೆಯ ವಿಷಯದಲ್ಲಿ ಹ್ಯಾಂಗರಿನವನ ಪಾಲೂ ಇದೆ. ‘ಆರ್‌ಪಿಎಂ ಇಳಿಯಿತು’ ಅಂತ ಪೈಲಟ್ ಸ್ನ್ಯಾಗ್ ಬರೆಯುತ್ತಾನೆ. ನೀನು ಬಿಚ್ಚುವ ಹೊತ್ತಿಗೆ ಗಡ್ಡೆ ಕರಗಿ ಹೋಗಿರುತ್ತದೆ, ಏನೂ ಸಿಗುವುದಿಲ್ಲ. ‘ದೋಷ ಕಂಡುಬಂದಿಲ್ಲ’ ಅಂತ ಬರೆದು ಮುಗಿಸುವ ಮೊದಲು ಕೇಳು: ಮೋಡ ಇತ್ತಾ, ಇಳಿಯುತ್ತಿದ್ದೆಯಾ, ಹೀಟ್ ಎಳೆದೆಯಾ, ಎಳೆದಾಗ ಏನಾಯಿತು? ರನ್‌ಅಪ್‌ನಲ್ಲಿ ಹೀಟ್ ಎಳೆದರೆ ಆರ್‌ಪಿಎಂ ಇಳಿಯಲೇಬೇಕು. ಇಳಿಯದಿದ್ದರೆ ಬಿಸಿ ಗಾಳಿಯ ಕೊಳವೆ ಹರಿದಿದೆ, ಇಲ್ಲವೇ ಒಳಗಿನ ಬಾಗಿಲು ತಿರುಗುತ್ತಿಲ್ಲ. ಅಂಥ ವಿಮಾನವನ್ನು ಮಳೆಗಾಲದಲ್ಲಿ ಬಿಡಬೇಡ.

• ನಿಲ್ಲಿಸುವಾಗಲೂ ಒಂದು ಪರೀಕ್ಷೆ ಪುಕ್ಕಟೆ ಸಿಗುತ್ತದೆ. ಐಡ್ಲಿಂಗ್‌ನಲ್ಲಿಟ್ಟು ಮಿಕ್ಸ್ಚರನ್ನು ನಿಧಾನ ಎಳೆ, ಆರ್‌ಪಿಎಂ ಮುಳ್ಳಿನ ಮೇಲೆ ಕಣ್ಣಿಡು. ಸಾಯುವ ಮೊದಲು 10ರಿಂದ 50ರಷ್ಟು ಏರಿದರೆ ಐಡಲ್ ಮಿಕ್ಸ್ಚರ್ ಸರಿ ಇದೆ. ಏರಲೇ ಇಲ್ಲವಾದರೆ ಪೆಟ್ರೋಲ್ ಕಡಿಮೆ, ತೀರಾ ಏರಿದರೆ ಜಾಸ್ತಿ. ಪೆಟ್ರೋಲ್ ಕಡಿಮೆಯಿದ್ದ ಎಂಜಿನ್, ಲ್ಯಾಂಡಿಂಗ್ ಬಿಟ್ಟು ಮೇಲೇಳಲು ಪೈಲಟ್ ಥ್ರಾಟಲ್ ತಳ್ಳಿದಾಗ ಕೈ ಕೊಡುತ್ತದೆ.

• ರೋಟಾಕ್ಸ್‌ನ ಎರಡು ಕಾರ್ಬ್ಯುರೇಟರ್‌ಗಳೂ ಒಟ್ಟಿಗೆ ತೆರೆಯಬೇಕು. ವ್ಯಾಕ್ಯೂಮ್ ಗೇಜ್ ಹಾಕದೆ ಕಿವಿಯಲ್ಲೇ ಹೊಂದಿಸುತ್ತೇನೆ ಅನ್ನುವ ಜಾಣರಿಂದ ದೂರ ಇರು. ಒಂದು ಹೆಚ್ಚು, ಒಂದು ಕಡಿಮೆ ಆದರೆ ನಡುಕ ಗೇರ್‌ಬಾಕ್ಸ್ ತಿನ್ನುತ್ತದೆ. ಈ ಎಂಜಿನ್ 5800 ಆರ್‌ಪಿಎಂವರೆಗೆ ತಿರುಗುತ್ತದೆ, ಅದೂ ಐದೇ ನಿಮಿಷ. ಪ್ರೊಪೆಲ್ಲರಿಗೆ ಅದು ಗೇರ್‌ನಲ್ಲಿ ಇಳಿದು ತಲುಪುತ್ತದೆ. ಹಾರುವಾಗ ಒಂದೇ ಕೇಬಲ್ ಕಿತ್ತರೆ ಆ ಕಡೆ ಪೂರ್ತಿ ತೆರೆದು ವಿಪರೀತ ನಡುಗುತ್ತದೆ. ಆಗ ಇನ್ನೊಂದನ್ನೂ ಪೂರ್ತಿ ತೆರೆದು ಸಮ ಮಾಡಿಕೊಂಡು, ರನ್‌ವೇ ಖಂಡಿತ ಸಿಗುತ್ತದೆ ಅನ್ನುವ ಎತ್ತರದಲ್ಲಿ ಅದರ ಮೇಲಕ್ಕೆ ಬಂದು ಇಗ್ನಿಷನ್ ಆಫ್ ಮಾಡಿ ಇಳಿಯಬೇಕು. ಲೈಕಮಿಂಗ್ ಥ್ರಾಟಲ್ ತೆರೆದೇ ಸಿಕ್ಕಿಕೊಂಡರೂ ಹಾದಿ ಇದೇ, ಅಲ್ಲಿ ನಿಲ್ಲಿಸುವುದು ಮಿಕ್ಸ್ಚರ್. ಇದು ಪೈಲಟ್ ಕೆಲಸ ನಿಜ, ಆದರೆ ನಿನಗೂ ಗೊತ್ತಿರಲಿ.

• ಕೈಪಿಡಿ ಇಂಗ್ಲಿಷಿನಲ್ಲಿದೆ ಅಂತ ಅಳುಕಬೇಡ. ಮನೆಯಲ್ಲಿ ಕನ್ನಡ, ಸತ್ಯಮಂಗಲದ ಕಚೇರಿಯಲ್ಲಿ ತಮಿಳು ಆಡಿ ಬೆಳೆದವರು ನಾವು, ಇನ್ನೊಂದು ಹೊರೆಯಲ್ಲ. ಗೊತ್ತಾಗದ ಸಾಲಿಗೆ ಪೆನ್ಸಿಲ್ ಗೆರೆ ಎಳೆದು ವಿಮಾನ ನಿರ್ವಹಣೆಯ ಎಂಜಿನಿಯರ್, ಅಂದರೆ ಎಎಂಇ ಹತ್ತಿರ ಹೋಗಿ ಕೇಳು. ಕೇಳಿ ಸಣ್ಣವನಾದ ಹುಡುಗನನ್ನು ನಾನು ಕಾಣೆ.

• ಥ್ರಾಟಲ್ ಕೊಂಡಿ ಬಿಚ್ಚಿ ಹಾಕಿದ ಮೇಲೆ ಎರಡನೆಯವರು ಬೇರೆಯಾಗಿ ನೋಡಿ ಸಹಿ ಹಾಕಬೇಕು ಅನ್ನುವುದು ನಿಯಮ. ಟೀ ಕುಡಿಯುತ್ತಾ ‘ನೀನು ನೋಡಿದ್ದೀಯಲ್ಲ, ಸರಿ ಬಿಡು’ ಅಂತ ಸಹಿ ಮಾಡುವವರು ಇರುತ್ತಾರೆ. ಅವರ ಕೈ ಹಿಡಿದು ಎಂಜಿನ್ ಹತ್ತಿರ ಕರೆದುಕೊಂಡು ಹೋಗು, ಟಾರ್ಚ್ ಅವರ ಕೈಗೆ ಕೊಡು. ನಿನ್ನ ಸಹಿ ಬೇಕಾದಾಗಲೂ ಪಿನ್ನಿನ ಎರಡೂ ಕಾಲು ಬಾಗಿರುವುದನ್ನು ಬೆರಳಲ್ಲಿ ಮುಟ್ಟಿ ನೋಡಿದ ಮೇಲೇ ಪೆನ್ನು ತೆಗೆ. ನಿನ್ನ ಸ್ಪ್ಯಾನರ್, ಕನ್ನಡಿ, ಬಟ್ಟೆ ಚೂರು ಎಲ್ಲ ಪೆಟ್ಟಿಗೆಗೆ ವಾಪಸು ಬಂದಿವೆಯಾ ಅಂತ ಎಣಿಸು. ಕೌಲಿಂಗ್ ಮುಚ್ಚುವುದು ಆಮೇಲೆ.