ಅಟ್ಟದ ಮೇಲಿನ ಗಂಟು

ಮಹಾನವಮಿ ಸಮೀಪಿಸಿತೆಂದರೆ ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಸಾಮಾನುಗಳು ಅಂಗಳಕ್ಕಿಳಿಯುತ್ತವೆ. ಕಂಠ ಮುರಿದ ಕೊಡ, ತಳ ತೂತಾದ ಹಂಡೆ, ಗಾಜು ಒಡೆದ ಕಂದೀಲು: ಒಂದೊಂದನ್ನು ಕುರಿತೂ ವಾದ ನಡೆಯುತ್ತದೆ. “ಇರಲಿ, ಎಂದಾದರೂ ಬೇಕಾದೀತು” ಎನ್ನುವರು ಹಿರಿಯರು. “ಹೊರಗೆ ಹಾಕೋಣ” ಎನ್ನುವರು ಕಿರಿಯರು. ಸಂಜೆಯ ಹೊತ್ತಿಗೆ ಬಹುಪಾಲು ಸಾಮಾನು ಮರಳಿ ಅಟ್ಟವನ್ನೇ ಏರುವುದುಂಟು.

ಹಳೆಯದನ್ನು ಇಟ್ಟುಕೊಳ್ಳುವುದೆಲ್ಲವೂ ಜಿಪುಣತನವಲ್ಲ. ಈ ಭಾಗದ ಹೆಣ್ಣುಮಕ್ಕಳು ಹರಿದ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಒತ್ತಾಗಿ ಹೊಲಿದು ಕೌದಿ ಮಾಡುತ್ತಾರೆ. ಅಜ್ಜಿಯ ಇಳಕಲ್ ಸೀರೆ ಮೊಮ್ಮಗುವಿನ ಹೊದಿಕೆಯಾಗುತ್ತದೆ. ಆದರೆ ಕೌದಿಯಾಗದೆ ಗಂಟಿನಲ್ಲಿಯೇ ಉಳಿದ ಸೀರೆ ಹುಳುಗಳ ಪಾಲು.

ಸೀರೆ ಹೋದರೆ ಹೋಗಲಿ. ತಾಳೆಗರಿಯ ಕಟ್ಟುಗಳ ಸಂಗತಿ ಬೇರೆ. ಕನ್ನಡ ನಾಡಿನ ಎಷ್ಟೋ ಮನೆ, ಮಠಗಳಲ್ಲಿ ಶರಣರ ವಚನಗಳನ್ನು ಬರೆದ ಕಟ್ಟುಗಳಿಗೆ ಬಟ್ಟೆ ಸುತ್ತಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳವಾಗಿದ್ದರು. ಒಳಗೆ ಹುಳುಗಳು ಗರಿಗಳನ್ನು ತಿನ್ನುತ್ತಿದ್ದವು. ಶಿಥಿಲವಾದ ಕಟ್ಟನ್ನು ನೋಡದೆಯೇ ಹೊಳೆಗೆ ಬಿಟ್ಟವರೂ ಉಂಟು. ಪೂಜಿಸಿದವರಿಂದಲೂ ಎಸೆದವರಿಂದಲೂ ಆದ ನಷ್ಟ ಒಂದೇ.

1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬೇಡಿ ತಂದರು. ಅವರೂ ಕೂಡಿಡುವವರೇ! ಆದರೆ ಕೂಡಿಟ್ಟುದನ್ನು ಬಿಚ್ಚಿ ಓದಿದರು, ಪ್ರತಿಮಾಡಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದರು. ದೇವರ ಜಗುಲಿಯ ಮೇಲೆ ತಲೆಮಾರುಗಳಿಂದ ಕಟ್ಟಿದಂತೆಯೇ ಇದ್ದ ಮಾತುಗಳು ಇಂದು ಶಾಲೆಯ ಮಕ್ಕಳ ಬಾಯಲ್ಲಿವೆ.