ಹೆಬ್ಬೆರಳಷ್ಟು ಎಂಜಿನ್ನಿಗೆ ಒಂಬತ್ತು ವೈರು

ಪ್ಲಾಸ್ಟಿಕ್ ಕಿಟ್‌ನಿಂದ ಜೋಡಿಸಿದ ಪುಟ್ಟ ಕಾರು ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಬಾನೆಟ್ ಎತ್ತಿದ ಕೂಡಲೇ ಬಣ್ಣ ಬಯಲಾಗುತ್ತದೆ. ಒಳಗಿರುವುದು ಬೋಳು ಎಂಜಿನ್. ಪ್ಲಗ್ ವೈರಿಲ್ಲ, ಹೋಸಿಲ್ಲ, ಎಣ್ಣೆಯ ಜಿಡ್ಡಿಲ್ಲ. ಅಷ್ಟು ಸಪೂರದ ವೈರುಗಳನ್ನು ಅಚ್ಚಿನಲ್ಲಿ ಎರಕ ಹೊಯ್ಯುವುದು ಕಷ್ಟ. ಹಾಗಾಗಿ ಆ ಕೆಲಸ ಜೋಡಿಸುವವರ ಪಾಲಿಗೇ ಉಳಿದಿದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಶೆವ್ರೊಲೆ ಸ್ಮಾಲ್ ಬ್ಲಾಕ್ ವಿ8. 1955ರಲ್ಲಿ 265 ಘನ ಇಂಚು, ಅಂದರೆ ಸುಮಾರು 4.3 ಲೀಟರ್ ಗಾತ್ರದಲ್ಲಿ ಬಂದ ಈ ಎಂಜಿನ್, ಅಮೆರಿಕದ ಕಾರುಗಳ 1:25 ಅಳತೆಯ ಕಿಟ್‌ಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಕೊಳ್ಳುವ ಮುನ್ನ ಡಬ್ಬಿಯ ಮೇಲಿನ ಚಿತ್ರಗಳನ್ನು ಸರಿಯಾಗಿ ನೋಡಿ. ಟಾಮಿಯಾದ 1:24 ಕಾರುಗಳೂ ಸೇರಿದಂತೆ ಎಷ್ಟೋ ಕಿಟ್‌ಗಳಲ್ಲಿ ಎಂಜಿನ್ನೇ ಇರುವುದಿಲ್ಲ.

ಅಳತೆ ತಪ್ಪಿದರೆ ಎಲ್ಲ ತಪ್ಪಿತು

ನಿಜವಾದ ಭಾಗದ ಅಳತೆಯನ್ನು 25ರಿಂದ ಭಾಗಿಸಿ. ಪ್ಲಗ್ ವೈರು 7ರಿಂದ 8 ಮಿ.ಮೀ. ದಪ್ಪ ಇರುತ್ತದೆ, ಮಾದರಿಯಲ್ಲಿ ಅದು 0.3 ಮಿ.ಮೀ. ಆಗಬೇಕು. ಸುಮಾರು 38 ಮಿ.ಮೀ. ದಪ್ಪದ ರೇಡಿಯೇಟರ್ ಹೋಸ್ 1.5 ಮಿ.ಮೀ.ಗೆ ಇಳಿಯುತ್ತದೆ. ಹೊಸಬರ ಮಾದರಿಗಳು ಆಟಿಕೆಯಂತೆ ಕಾಣುವುದು ವಿವರ ಕಡಿಮೆಯಾದ್ದರಿಂದಲ್ಲ, ವೈರು ದಪ್ಪವಾದ್ದರಿಂದ. ದಪ್ಪ ವೈರು ಹಾಕುವುದಕ್ಕಿಂತ ಹಾಕದೇ ಬಿಡುವುದು ವಾಸಿ.

0.3 ಮಿ.ಮೀ. ವೈರಿಗಾಗಿ ವಿದೇಶದಿಂದ ಏನನ್ನೂ ತರಿಸಬೇಕಿಲ್ಲ. ಮನೆ ವೈರಿಂಗಿಗೆ ಬಳಸುವ 1 ಚದರ ಮಿ.ಮೀ.ನ ವೈರಿನೊಳಗೆ ಸಾಮಾನ್ಯವಾಗಿ 0.3 ಮಿ.ಮೀ. ದಪ್ಪದ 14 ತಾಮ್ರದ ಎಳೆಗಳಿರುತ್ತವೆ. ಒಂದು ಗೇಣು ಸುಲಿದರೆ ಒಂದು ಎಂಜಿನ್ನಿಗೆ ಬೇಕಾದಷ್ಟು ಸಿಕ್ಕಿತು. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 30 ಗೇಜ್ ಎನಾಮೆಲ್ ವೈರು ಕೇಳಿದರೂ ಆದೀತು, ಅದರ ದಪ್ಪ 0.315 ಮಿ.ಮೀ. ಹೊಲಿಗೆ ದಾರ ಬಳಸುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ದಾರಕ್ಕೆ ಜುಂಗು ಏಳುತ್ತದೆ, ಬಾಗಿಸಿದ ಕಡೆ ನಿಲ್ಲುವುದಿಲ್ಲ. ತಾಮ್ರ ಹೇಳಿದ ಮಾತು ಕೇಳುತ್ತದೆ.

ಉಳಿದಂತೆ ಬೇಕಾದ್ದು ಇಷ್ಟು: 0.35 ಮಿ.ಮೀ.ನ ಬಿಟ್ಟು, ಅದನ್ನು ಹಿಡಿಯಲು ಬೆರಳಲ್ಲಿ ತಿರುಗಿಸುವ ಪಿನ್ ವೈಸ್, ಮೊನಚು ಚಿಮಟ, ಹೊಸ ಬ್ಲೇಡು, ಸೂಪರ್ ಗ್ಲೂ, ಟೂತ್‌ಪಿಕ್.

ಮೈ ತಯಾರಿ

ಎಂಜಿನ್ನಿನ ಭಾಗಗಳನ್ನು ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ನಿಲ್ಲದು. ಎರಡು ಅಚ್ಚು ಕೂಡಿದ ಕಡೆ ಎದ್ದ ಗೆರೆಯನ್ನು ಬ್ಲೇಡಿನಿಂದ ಹೆರೆದು, ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ. ಕಿಟ್‌ನ ಕ್ರೋಮ್ ಭಾಗಗಳು ಕನ್ನಡಿಯಂತೆ ಹೊಳೆಯುವುದು ಬೇಡವೆನಿಸಿದರೆ ಬಟ್ಟೆಯ ಬ್ಲೀಚಿನಲ್ಲಿ ನೆನೆಹಾಕಿ, ಹೊಳಪು ಬಿಟ್ಟುಕೊಳ್ಳುತ್ತದೆ. ಗಾಳಿಯಾಡುವ ಜಾಗದಲ್ಲಿ, ಗ್ಲೌಸ್ ಹಾಕಿಕೊಂಡು ಮಾಡಿ. ಕೆಲಸ ಬೇಗ ಆಗಲೆಂದು ಟಾಯ್ಲೆಟ್ ತೊಳೆಯುವ ಆಮ್ಲವನ್ನು ಅದಕ್ಕೆ ಬೆರೆಸಿದಿರೋ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ಬಣ್ಣ. ಬ್ಲಾಕ್ ಮತ್ತು ಹೆಡ್‌ಗಳಿಗೆ ಶೆವ್ರೊಲೆಯ ಹೆಸರಾಂತ ಕಿತ್ತಳೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಬೆಳ್ಳಿ ಬಣ್ಣ ಬಳಿಯುವುದು ಎಲ್ಲರೂ ಮಾಡುವ ತಪ್ಪು. ಅದು ಎರಕದ ಕಬ್ಬಿಣ, ಓಡಿದ ಕಾರಿನಲ್ಲಿ ಕಾವಿಗೆ ಬಣ್ಣ ಸುಟ್ಟುಹೋಗಿ ತುಕ್ಕು ಹಿಡಿದಿರುತ್ತದೆ. ಗಾಢ ಬೂದಿಯ ಮೇಲೆ ಅಲ್ಲಲ್ಲಿ ಕಂದು ಒತ್ತಿದರೆ ಸಾಕು. ಬಣ್ಣ ಒಣಗಿದ ಮೇಲೆ ಕಪ್ಪು ಅಕ್ರಿಲಿಕ್ಕನ್ನು ನೀರು ನೀರಾಗಿ ಕಲಸಿ, ಬೋಲ್ಟುಗಳ ಬುಡಕ್ಕೂ ಸಂದುಗಳಿಗೂ ಹರಿಯಬಿಡಿ. ಮೇಲೆ ನಿಂತದ್ದನ್ನು ಬಟ್ಟೆಯಲ್ಲಿ ಒತ್ತಿ ತೆಗೆದರೆ ಸಂದಿನಲ್ಲಿ ಜಿಡ್ಡು ಕೂತಂತಾಯಿತು.

ಎಲ್ಲಿಂದ ಎಲ್ಲಿಗೆ?

ಇಡೀ ಕೆಲಸದ ಜೀವ ಇರುವುದು ಡಿಸ್ಟ್ರಿಬ್ಯೂಟರಿನಲ್ಲಿ. ಶೆವ್ರೊಲೆ ವಿ8ನಲ್ಲಿ ಅದು ಎಂಜಿನ್ನಿನ ಹಿಂಭಾಗದಲ್ಲಿರುತ್ತದೆ, ಫೋರ್ಡ್ 289ರಲ್ಲಿ ಮುಂಭಾಗದಲ್ಲಿ. ಕಿಟ್‌ನ ಡಿಸ್ಟ್ರಿಬ್ಯೂಟರ್ ಕೊರೆಯಲಾಗದಷ್ಟು ಚಿಕ್ಕದಿದ್ದರೆ ಅದರ ತಲೆ ಕತ್ತರಿಸಿ, 3 ಮಿ.ಮೀ.ನ ಪ್ಲಾಸ್ಟಿಕ್ ಕಡ್ಡಿಯ ಒಂದು ಬಿಲ್ಲೆ ಅಂಟಿಸಿ. ಅಂಚಿನ ಸುತ್ತ ಎಂಟು ತೂತು, ನಡುವೆ ಕಾಯಿಲ್ ವೈರಿಗೆ ಒಂದು, ಒಟ್ಟು ಒಂಬತ್ತು. ಮೊದಲು ಸೂಜಿಯಿಂದ ಎದುರುಬದುರು ನಾಲ್ಕು ಗುರುತು ಹಾಕಿ, ಆಮೇಲೆ ಅವುಗಳ ನಡುವೆ ನಾಲ್ಕು. ಹೀಗೆ ಮಾಡಿದರೆ ಅಂತರ ತಪ್ಪುವುದಿಲ್ಲ. ಬಿಟ್ಟನ್ನು ನಿಧಾನಕ್ಕೆ ತಿರುಗಿಸಿ, ಒತ್ತಿದರೆ ಪಟ್ಟೆಂದು ಮುರಿಯುತ್ತದೆ. ಎರಡು ಬಿಟ್ಟು ಹೆಚ್ಚಿಗೆ ಇಟ್ಟುಕೊಂಡಿರಿ.

ಮುಂದೆ ವೈರುಗಳ ಕ್ರಮ. ಸಿಲಿಂಡರುಗಳನ್ನು ಮುಂದಿನಿಂದ ಹಿಂದಕ್ಕೆ ಎಣಿಸಬೇಕು: ಅಮೆರಿಕದ ಕಾರಿನಲ್ಲಿ ಚಾಲಕ ಕೂರುವ ಎಡಬದಿಗೆ 1, 3, 5, 7, ಬಲಬದಿಗೆ 2, 4, 6, 8. ಉರಿಯುವ ಸರದಿ 1-8-4-3-6-5-7-2. ಮೇಲಿನಿಂದ ನೋಡಿದರೆ ಡಿಸ್ಟ್ರಿಬ್ಯೂಟರಿನ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಇದೇ ಕ್ರಮ ಬರಬೇಕು. ಯಾರು ನೋಡುತ್ತಾರೆ ಅನ್ನಬೇಡಿ. ಗ್ಯಾರೇಜಿನಲ್ಲಿ ಪಳಗಿದವರು ಮೊದಲು ನೋಡುವುದೇ ಇದನ್ನು. ನಮ್ಮ ಹಳೆಯ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನ 1-3-4-2 ಬಾಯಿಪಾಠ ಇರುವ ಮೆಕ್ಯಾನಿಕ್ಕುಗಳು ಊರೂರಲ್ಲಿ ಸಿಗುತ್ತಾರೆ. ಅಂಥವರೊಬ್ಬರ ಹತ್ತಿರ ತೆರೆದ ಬಾನೆಟ್ ಮುಂದೆ ಅರ್ಧ ಗಂಟೆ ನಿಂತರೆ, ವೈರು ಪ್ಲಗ್ಗಿನ ಹತ್ತಿರ ಹೇಗೆ ಬಾಗುತ್ತದೆ, ಎಲ್ಲಿ ಜೋತು ಬೀಳುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತದೆ.

ತಾಮ್ರದ ಎಳೆಯನ್ನು ಗಾಜಿನ ಮೇಲಿಟ್ಟು ಸ್ಟೀಲ್ ಸ್ಕೇಲಿನಡಿ ಉರುಳಿಸಿ ನೆಟ್ಟಗೆ ಮಾಡಿಕೊಳ್ಳಿ. ಹೆಡ್‌ಗಳ ಹೊರಬದಿಯಲ್ಲಿ, ಪ್ಲಗ್ ಇರುವ ಜಾಗಗಳಲ್ಲಿ ತೂತು ಕೊರೆಯಿರಿ. ಪ್ರತಿ ವೈರನ್ನೂ ಅಂಟಿಲ್ಲದೆ ಸಿಕ್ಕಿಸಿ, ಬಾಗಿಸಿ, ಉದ್ದ ನೋಡಿ ಹೊರತೆಗೆಯಿರಿ. ಮಂಕು ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಅಂಟಿಸಿ. ಮೊದಲೇ ಬಣ್ಣ ಹಾಕಿದರೆ ಬಾಗಿಸುವಾಗ ಸಿಡಿಯುತ್ತದೆ. ವೈರು ಬಿಗಿಯಾಗಿರಬಾರದು, ತುಸು ಸಡಿಲ ಬಿಡಿ. ಪ್ಲಗ್ಗಿನ ತುದಿಯ ರಬ್ಬರ್ ಟೋಪಿಗೆ, ಹಾಳಾದ ಇಯರ್‌ಫೋನಿನ ಒಳವೈರಿನ ಪ್ಲಾಸ್ಟಿಕ್ಕನ್ನು 1 ಮಿ.ಮೀ.ನಷ್ಟು ಕತ್ತರಿಸಿ ತೂರಿಸಬಹುದು. ಸೂಪರ್ ಗ್ಲೂವನ್ನು ಟ್ಯೂಬಿನಿಂದ ನೇರವಾಗಿ ಹಾಕಬೇಡಿ. ಟೂತ್‌ಪಿಕ್ಕಿನ ಮೊನೆಯಲ್ಲಿ ಹನಿಯ ಕಾಲುಭಾಗ ಸಾಕು, ಹೆಚ್ಚಾದರೆ ಸುತ್ತ ಬಿಳಿ ಮಬ್ಬು ಕೂರುತ್ತದೆ.

ಹೋಸ್, ಬೆಲ್ಟ್

ರೇಡಿಯೇಟರ್ ಹೋಸಿಗೆ ಸೋಲ್ಡರಿಂಗಿನ ಸೀಸದ ತಂತಿ ಬಲು ಒಳ್ಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಬೇರೆ ಬೇರೆ ದಪ್ಪದ್ದು ಸಿಗುತ್ತದೆ. ಬಾಗಿದರೂ ಚಪ್ಪಟೆಯಾಗುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ. ತುದಿಗಳಿಗೆ ಅಡುಗೆಯ ಫಾಯಿಲ್‌ನ ಕೂದಲೆಳೆಯಷ್ಟು ಪಟ್ಟಿ ಸುತ್ತಿದರೆ ಅದೇ ಕ್ಲಿಪ್ಪು. ಫ್ಯಾನ್ ಬೆಲ್ಟಿಗೆ ಕಪ್ಪು ಬಳಿದ ಕಾಗದದ ಸಣ್ಣ ಪಟ್ಟಿ ನಡೆಯುತ್ತದೆ.

ಮೇಲಿನ ಹೋಸನ್ನು ಎಂಜಿನ್ ಕಾರಿನೊಳಗೆ ಕೂತ ಮೇಲೆಯೇ ಅಂಟಿಸಿ, ಏಕೆಂದರೆ ಅದರ ಇನ್ನೊಂದು ತುದಿ ಬಾಡಿಯ ಕಡೆಗಿದೆ. ಅದಕ್ಕೂ ಮುಂಚೆ ಏರ್ ಫಿಲ್ಟರನ್ನು ಅಂಟಿಲ್ಲದೆ ಇಟ್ಟು ಬಾನೆಟ್ ಮುಚ್ಚಿ ನೋಡಿ. ಮುಚ್ಚದಿದ್ದರೆ ಫಿಲ್ಟರಿನ ತಳವನ್ನು ಉಪ್ಪುಕಾಗದದ ಮೇಲೆ ನಾಲ್ಕು ಸಲ ಎಳೆದು ಮತ್ತೆ ನೋಡಿ.