ವಿದ್ಯಾರ್ಥಿಯ ಮನೋವೇದನೆ ಮತ್ತು ಈಮಾನ್

ಸ್ನಾತಕೋತ್ತರ ಪದವಿ, ಸಂಶೋಧನೆ ಎಂದು ವಿಶ್ವವಿದ್ಯಾನಿಲಯ ಸೇರಿದ ನಮ್ಮ ಮಕ್ಕಳನ್ನು ಕಾಡುವ ಒಂದು ಸಂಕಟವಿದೆ. ಪ್ರಬಂಧ ಮುಗಿಯದು, ಮಾರ್ಗದರ್ಶಕರಿಗೆ ತೃಪ್ತಿಯಾಗದು, ಫೆಲೋಶಿಪ್ ಹಣ ಸಕಾಲಕ್ಕೆ ಬಾರದು. ಊರಿನಲ್ಲಿ ಓರಗೆಯವರು ದುಡಿದು ಮನೆ ನಡೆಸುತ್ತಿರುತ್ತಾರೆ. ಕ್ರಮೇಣ ನಿದ್ರೆ ದೂರವಾಗುತ್ತದೆ, ಊಟ ರುಚಿಸುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ. ಮನೆಯಲ್ಲಿ ಹೇಳಿಕೊಂಡರೆ, "ನಿನ್ನ ಈಮಾನ್ ದುರ್ಬಲವಾಗಿದೆ, ನಮಾಝ್ ಸರಿಯಾಗಿ ಮಾಡು" ಎಂಬ ಉತ್ತರ ಸಿಗುತ್ತದೆ. ಅಲ್ಲಿಂದ ಮುಂದೆ ಆ ವಿದ್ಯಾರ್ಥಿ ಯಾರೊಡನೆಯೂ ಬಾಯಿ ಬಿಡುವುದಿಲ್ಲ.

ಈ ಉತ್ತರ ಸರಿಯೇ? ಮಗ ಯೂಸುಫ್(ಅ)ರ ಅಗಲಿಕೆಯಿಂದ ಯಅ್‌ಕೂಬ್(ಅ)ರು ದೃಷ್ಟಿ ಹೋಗುವಷ್ಟು ದುಃಖಿಸಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಒಬ್ಬ ಪ್ರವಾದಿಯ ಈಮಾನನ್ನು ಶಂಕಿಸಲು ಯಾರಿಗೆ ಧೈರ್ಯವಿದೆ?

ಇಮಾಮ್ ಗಝಾಲಿ(ರ)ಯವರು ಬಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದಲ್ಲಿ ಪ್ರಖ್ಯಾತ ಅಧ್ಯಾಪಕರಾಗಿದ್ದರು. ಕ್ರಿ.ಶ. 1095ರಲ್ಲಿ ಅವರು ತೀವ್ರ ಅಂತರಂಗದ ತೊಳಲಾಟಕ್ಕೆ ಸಿಲುಕಿದರು. ಪಾಠ ಹೇಳಲು ನಾಲಗೆ ಏಳದಾಯಿತು, ಆಹಾರ ಗಂಟಲಿನಲ್ಲಿ ಇಳಿಯದಾಯಿತು. ಬೇನೆಯ ಮೂಲ ಹೃದಯದಲ್ಲಿದೆ ಎಂದು ವೈದ್ಯರು ಹೇಳಿದರು. ಅವರ ತೊಳಲಾಟದ ಕಾರಣ ಬೇರೆಯಾದರೂ, ಮನಸ್ಸಿನ ಭಾರ ಶರೀರವನ್ನು ಕುಗ್ಗಿಸುವ ಬಗೆ ಒಂದೇ. ಅವರು ಇದನ್ನು ಮುಚ್ಚಿಡದೆ ತಮ್ಮ ಗ್ರಂಥದಲ್ಲಿ ಬರೆದಿಟ್ಟರು. ಹುದ್ದೆ ಬಿಟ್ಟು ಹೋದ ಅವರು 1106ರಲ್ಲಿ ನೀಶಾಪುರದಲ್ಲಿ ಪುನಃ ಬೋಧನೆಗೆ ತೊಡಗಿದರು. ನಡುವೆ ನಿಂತ ವರ್ಷಗಳು ಅವರ ವಿದ್ಯೆಯನ್ನು ಕಿರಿದಾಗಿಸಲಿಲ್ಲ.

ಪ್ರವಾದಿ(ಸ)ಯವರು ಚಿಂತೆ ಮತ್ತು ದುಃಖಗಳಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂದೂ ಅವರೇ ಕಲಿಸಿದರು. ಆದ್ದರಿಂದ ದುಆ ಮತ್ತು ಔಷಧ ಒಂದಕ್ಕೊಂದು ವಿರುದ್ಧವಲ್ಲ. ಜ್ವರ ಬಂದಾಗ ವೈದ್ಯರ ಬಳಿ ಹೋಗುವ ನಾವು ಮನಸ್ಸು ಬಳಲಿದಾಗ ಮಾತ್ರ ನಾಚಿಕೊಳ್ಳುವುದೇಕೆ?

ತಂದೆತಾಯಂದಿರೇ, ಫಲಿತಾಂಶ ಕೇಳುವ ಮೊದಲು ನಿದ್ರೆ, ಊಟದ ಬಗ್ಗೆ ಕೇಳಿರಿ. ಓದಿಗೆ ಸ್ವಲ್ಪ ಬಿಡುವು ಬೇಕೆಂದರೆ ಅದನ್ನು ಸೋಲೆಂದು ಎಣಿಸಬೇಡಿ. "ಬದುಕು ಸಾಕು" ಎಂಬ ಮಾತು ಬಂದರೆ ಗದರಿಸದೆ, ಉಪದೇಶಿಸದೆ, ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು.

ಪ್ರಿಯ ವಿದ್ಯಾರ್ಥಿಗಳೇ, ಪದವಿ ಅಲ್ಲಾಹನ ಒಂದು ಅನುಗ್ರಹ. ಪ್ರಾಣವು ಅವನು ಒಪ್ಪಿಸಿದ ಅಮಾನತ್ತು. ಪದವಿಯನ್ನು ಮುಂದಿನ ವರ್ಷವೂ ಪಡೆಯಬಹುದು. ಅಮಾನತ್ತನ್ನು ಕಾಪಾಡಲು ನೆರವು ಕೇಳುವುದು ದೌರ್ಬಲ್ಯವಲ್ಲ, ಕರ್ತವ್ಯ. ಅಲ್ಲಾಹನು ನಿಮ್ಮ ಎದೆಯ ಭಾರವನ್ನು ಹಗುರಗೊಳಿಸಲಿ, ಆಮೀನ್.